ಎರಡು ತುಂಡು ಮರ ಸೇರಿಸಿ ಬಿಲ್ಲು ಮಾಡುವಾಗ ಹಿಡಿಕೆಯ ಜೋಡಣೆ ಹೇಗಿರಬೇಕು?

ಪ್ರಶ್ನೆ: ಅಮೆರಿಕದಲ್ಲಿರುವ ನನಗೆ ಓಸೇಜ್ ಆರೆಂಜ್ ಮರದ ಒಂದೇ ದಿಮ್ಮಿಯಿಂದ ಸೀಳಿದ, ತಲಾ ಸುಮಾರು ಒಂದು ಮೀಟರ್ ಉದ್ದದ ಎರಡು ತುಂಡುಗಳು ಸಿಕ್ಕಿವೆ. ಪೂರ್ಣ ಬಿಲ್ಲಿಗೆ ಸಾಲುವಷ್ಟು ನೇರವಾದ ಒಂದೇ ತುಂಡು ಈ ಮರದಲ್ಲಿ ಸಿಗುವುದು ಸುಲಭವಲ್ಲ. ಇವೆರಡನ್ನೂ ಹಿಡಿಕೆಯಲ್ಲಿ ಸೇರಿಸಿದರೆ ಆ ಜೋಡಣೆ ಎಳೆತವನ್ನು ತಾಳುತ್ತದೆಯೇ? ಯಾವ ಅಂಟು ಸೂಕ್ತ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1: ಖಂಡಿತ ತಾಳುತ್ತದೆ, ಆದರೆ ಹಿಡಿಕೆಯನ್ನು ಬಾಗದಷ್ಟು ದಪ್ಪವಾಗಿ ಉಳಿಸಿಕೊಳ್ಳಬೇಕು. ತುದಿಗಳನ್ನು ಡಬ್ಲ್ಯು ಅಕ್ಷರದ ಆಕಾರದಲ್ಲಿ, ಸುಮಾರು 10 ಸೆಂಟಿಮೀಟರ್ ಉದ್ದಕ್ಕೆ, ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು ಒಂದರೊಳಗೊಂದು ಕೂರಿಸಿ. ಅಂಟು ಹಾಕುವ ಮೊದಲು ಬಿಲ್ಲಿನ ಎರಡೂ ತುದಿಗಳ ನಡುವೆ ದಾರ ಎಳೆದು, ಅದು ಹಿಡಿಕೆಯ ನಡುಮಧ್ಯದಲ್ಲೇ ಹಾಯುತ್ತದೆಯೇ ಎಂದು ನೋಡಿ. ಒಣಗಿದ ಮೇಲೆ ಓರೆ ತಿದ್ದುವುದು ಬಹಳ ಕಷ್ಟ.

ಉತ್ತರ 2: ಹಿಂದಿನವರು ಸರೇಸನ್ನು (ಪ್ರಾಣಿಗಳ ಚರ್ಮ, ಮೂಳೆಗಳಿಂದ ಮಾಡುವ ಅಂಟು) ಬಳಸುತ್ತಿದ್ದರು, ತೇವಕ್ಕೆ ಅದು ಸಡಿಲಗೊಳ್ಳುವುದರಿಂದ ನನ್ನ ಒಲವು ಎರಡು ದ್ರವ ಬೆರೆಸಿ ಬಳಸುವ ಎಪಾಕ್ಸಿ ಅಂಟಿನತ್ತ. ಈ ಮರದಲ್ಲಿ ಜಿಡ್ಡಿನಂಶವಿರುವ ಕಾರಣ, ಕೊಯ್ದ ಮೈಯನ್ನು ಅಸಿಟೋನ್‌ನಿಂದ ಒರೆಸಿ, ಆರಿದ ಕೂಡಲೇ ಅಂಟು ಹಚ್ಚಿ. ಕ್ಲಾಂಪನ್ನು ಅತಿಯಾಗಿ ಬಿಗಿದರೆ ಎಪಾಕ್ಸಿಯೆಲ್ಲ ಹೊರಬಂದು ಜೋಡಣೆ ಬಡವಾಗುತ್ತದೆ.

ಉತ್ತರ 3: ಜೋಡಣೆಗಿಂತ ಬೆನ್ನಿನ ಬಗ್ಗೆ ಹೆಚ್ಚು ಎಚ್ಚರ ವಹಿಸಿ ಎಂಬುದು ನನ್ನ ಸಲಹೆ. ಗುರಿಯ ಕಡೆಗಿರುವ ಆ ಮೈಯಲ್ಲಿ ಬಿಳಿಮರವನ್ನು (ತೊಗಟೆಯ ಕೆಳಗಿನ ತಿಳಿಬಣ್ಣದ ಮರ) ತೆಗೆದು, ಚೇಗಿನ (ಒಳಗಿನ ಗಟ್ಟಿ ಮರ) ಒಂದೇ ವಾರ್ಷಿಕ ಉಂಗುರ ತುದಿಯವರೆಗೂ ಅಖಂಡವಾಗಿ ಉಳಿಯುವಂತೆ ಕೆರೆಯಬೇಕು. ಗಂಟು ಎದುರಾದಲ್ಲಿ ಉಬ್ಬನ್ನು ಹಾಗೆಯೇ ಬಿಡಬೇಕೇ ಹೊರತು ಮಟ್ಟಸ ಮಾಡಲು ಹೋಗಬಾರದು. ಮುಂದೆ ಬಾಗನ್ನು ಹದಗೊಳಿಸುವಾಗ ಮರ ತೆಗೆಯುವುದು ಹೊಟ್ಟೆಯ, ಅಂದರೆ ಬಿಲ್ಗಾರನ ಕಡೆಗಿರುವ ಮೈಯ, ಕಡೆಯಿಂದ ಮಾತ್ರ.