ಕಪ್ಪು ಏಂಜಲ್ ಮೀನಿನ ಜೋಡಿಗೆ ಹಳದಿ ಮರಿಗಳು: ಎಲ್ಲಿ ತಪ್ಪಾಯ್ತು?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೆಟ್ಟಿದೆ, ಗೊತ್ತಿರುವವರು ದಯವಿಟ್ಟು ಹೇಳಿ.

ಹೋದ ವರ್ಷ ಒಂದು ಅಂಗಡಿಯಿಂದ ಆರು ಕಪ್ಪು ಏಂಜಲ್ ಮರಿ ತಂದಿದ್ದೆ. ದೊಡ್ಡದಾದ ಮೇಲೆ ಅವುಗಳಲ್ಲಿ ಎರಡು ಸೇರಿ ಒಂದು ಜೋಡಿ ಆದವು. ಆ ಎರಡನ್ನೇ ಬೇರೆ ಟ್ಯಾಂಕಿಗೆ ಹಾಕಿ, ಮೊಟ್ಟೆ ಇಡಲಿ ಅಂತ ಒಂದು ಕಡಪ ಕಲ್ಲಿನ ತುಂಡು ನಿಲ್ಲಿಸಿದೆ. ಮೂರನೇ ಸಲದ ಮೊಟ್ಟೆ ಚೆನ್ನಾಗಿ ಒಡೆಯಿತು. ಮರಿಗಳಿಗೆ ಈಗ ಆರು ವಾರ. ಆದರೆ ಅರ್ಧಕ್ಕರ್ಧ ಅಲ್ಲದಿದ್ದರೂ ತುಂಬಾ ಮರಿಗಳು ಕಪ್ಪಾಗಲೇ ಇಲ್ಲ. ಮೈ ತಿಳಿ ಹಳದಿ! ಅಪ್ಪ ಅಮ್ಮ ಇಬ್ಬರೂ ಇದ್ದಿಲಿನ ಹಾಗೆ ಕಪ್ಪು.

ನಮ್ಮಮ್ಮ "ನೂಲಿನಂತೆ ಸೀರೆ ಅಂತಾರೆ, ಇದೇನಪ್ಪ ಹೀಗೆ" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇಸರದಲ್ಲಿ ಅಂಗಡಿಯವರಿಗೆ ಫೋನ್ ಮಾಡಿ, ಕಲಬೆರಕೆ ಮೀನು ಕೊಟ್ಟಿದ್ದೀರಿ ಅಂತ ಜೋರಾಗಿಯೇ ಮಾತಾಡಿಬಿಟ್ಟೆ. ನಿಜಕ್ಕೂ ಮೋಸ ಆಗಿದೆಯಾ? ಅಥವಾ ನೀರು, ಊಟದ ಸಮಸ್ಯೆಯಾ?

ಗಪ್ಪಿಮನೆ, ಭದ್ರಾವತಿ

ಜೋಡಿ ಆಗುವ ಮೊದಲು ಆರೂ ಒಟ್ಟಿಗೆ ಇದ್ದವಲ್ವಾ? ಬೇರೆ ಗಂಡಿನ ಮರಿ ಇರಬಹುದು. ನಮ್ಮ ಗಪ್ಪಿ ಮೀನಲ್ಲಿ ಹೀಗೆ ಎಷ್ಟೋ ಸಲ ಆಗಿದೆ. ಇನ್ನೊಂದು ವಿಷಯ, ಕಲರ್ ಫುಡ್ ಹಾಕಿ ನೋಡಿ. ಬಣ್ಣ ಬರಬಹುದು.

ಪಟ್ಟೆಮೀನು, ಮೈಸೂರು

ಗಪ್ಪಿ ಹೆಣ್ಣು ಗಂಡಿನ ಬೀಜವನ್ನು ಹೊಟ್ಟೆಯಲ್ಲೇ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತೆ. ಏಂಜಲ್ ಹಾಗಲ್ಲ. ಹೆಣ್ಣು ಕಲ್ಲಿನ ಮೇಲೆ ಸಾಲಾಗಿ ಮೊಟ್ಟೆ ಅಂಟಿಸುತ್ತಾ ಹೋಗುತ್ತೆ, ಹಿಂದೆಯೇ ಗಂಡು ಬಂದು ಅದರ ಮೇಲೆ ಬೀಜ ಬಿಡುತ್ತೆ. ಎಲ್ಲವೂ ಹೊರಗೆ, ಆಗಲೇ. ಬೇರೆ ಟ್ಯಾಂಕಲ್ಲಿ ಎರಡೇ ಮೀನು ಇದ್ದರೆ ಅಪ್ಪ ಅದೇ ಗಂಡು. ಅನುಮಾನ ಬೇಡ.

ಕಲರ್ ಫುಡ್ ಕೆಂಪು, ಕಿತ್ತಳೆ ಬಣ್ಣವನ್ನ ಹೆಚ್ಚಿಸುತ್ತೆ. ಕೋಯ್ ಏಂಜಲ್ ತಲೆಯ ಕಿತ್ತಳೆಗೆ ಒಳ್ಳೆಯದು. ಕಪ್ಪು ಬಣ್ಣವನ್ನ ಅದು ತಂದುಕೊಡಲ್ಲ.

ತುಂಗಾತೀರ ಅವರೇ, ನಾಲ್ಕು ವಿಷಯ ತಿಳಿಸಿ. ಹಳದಿ ಮರಿಯ ಮೈಮೇಲೆ ಕಪ್ಪು ಅಡ್ಡಪಟ್ಟೆ ಇದೆಯಾ? ಕಣ್ಣಿನ ಮೇಲೆ ಹಾದುಹೋಗುವ ಪಟ್ಟೆ ಇದೆಯಾ? ಕಪ್ಪು ಮಚ್ಚೆ ಏನಾದರೂ? ಮತ್ತೆ, ದಯವಿಟ್ಟು ಮರಿಗಳನ್ನ ಎಣಿಸಿ. "ತುಂಬಾ" ಅಂದರೆ ಲೆಕ್ಕ ಬರಲ್ಲ.

ತುಂಗಾತೀರ, ಶಿವಮೊಗ್ಗ

ಮೇಡಂ, ಐದಾರು ಮರಿಗಳನ್ನ ಗಾಜಿನ ಬಟ್ಟಲಿಗೆ ಹಾಕಿ ಕಿಟಕಿ ಹತ್ತಿರ ಹಿಡಿದು ನೋಡಿದೆ. ಮೂರನೇ ವಾರದಲ್ಲಿ ತೆಳ್ಳಗೆ ಗೆರೆಯ ಹಾಗೆ ಏನೋ ಇತ್ತು, ಈಗ ಇಲ್ಲ. ಕಣ್ಣಿನ ಮೇಲೂ ಪಟ್ಟೆ ಇಲ್ಲ. ರೆಕ್ಕೆ ಗಾಜಿನ ಹಾಗೆ ಸ್ವಚ್ಛ. ನೆತ್ತಿಯ ಮೇಲೆ ಮಾತ್ರ ಅರಿಸಿನ ಸವರಿದ ಹಾಗೆ ಬಣ್ಣ ಬರ್ತಾ ಇದೆ. ಕಪ್ಪು ಮಚ್ಚೆ ಒಂದರಲ್ಲೂ ಇಲ್ಲ.

ಎಣಿಸಿದೆ. ಒಟ್ಟು 131. ಕಪ್ಪು 84, ಹಳದಿ 47. ಮರಿ ಈಜಲು ಶುರು ಮಾಡಿದ ದಿನ ಬಿಳಿ ಟ್ರೇಯಲ್ಲಿ ಫೋಟೋ ತೆಗೆದು ಎಣಿಸಿದಾಗ 212 ಇದ್ದವು.

ಪಟ್ಟೆಮೀನು, ಮೈಸೂರು

ಎಣಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಿಮ್ಮ ಜೋಡಿಯ ಜಾತಕ ಈ ಎರಡು ಸಂಖ್ಯೆಯಲ್ಲೇ ಇದೆ.

ಮೋಸ ಆಗಿಲ್ಲ. ನೀರು, ಊಟದ ತಪ್ಪೂ ಅಲ್ಲ. ನಿಮ್ಮ ಗಂಡು ಹೆಣ್ಣು ಎರಡೂ ಹೈಬ್ರಿಡ್ ಬ್ಲ್ಯಾಕ್. ಅಂದರೆ ಎರಡರ ಒಳಗೂ ಗೋಲ್ಡ್ ಅನ್ನೋ ಹಳದಿ ಬಣ್ಣದ ಜೀನ್ ಅಡಗಿ ಕೂತಿದೆ.

ಬಸ್ಸಿನಲ್ಲಿ ಇಬ್ಬರು ಕೂರುವ ಸೀಟು ಅಂದ್ಕೊಳ್ಳಿ. ಪ್ರತಿ ಮೀನಿಗೂ ಅಂಥ ಒಂದು ಸೀಟು. ಒಂದು ಜಾಗ ಅಪ್ಪನಿಂದ ಬಂದ ಜೀನ್‌ಗೆ, ಇನ್ನೊಂದು ಅಮ್ಮನಿಂದ ಬಂದದ್ದಕ್ಕೆ. ಏಂಜಲ್‌ನಲ್ಲಿ ಡಾರ್ಕ್, ಗೋಲ್ಡ್, ಮಾರ್ಬಲ್, ಗೋಲ್ಡ್ ಮಾರ್ಬಲ್ ಇವೆಲ್ಲ ಒಂದೇ ಸೀಟಿಗೆ ಬರುವ ಜೀನ್‌ಗಳು. ಒಂದು ಮೀನಲ್ಲಿ ಇವುಗಳಲ್ಲಿ ಎರಡಕ್ಕಷ್ಟೇ ಜಾಗ.

ಕಾಡಿನ ಸಿಲ್ವರ್ ಏಂಜಲ್‌ನ ಜೀನ್ ಜೊತೆ ಒಂದು ಡಾರ್ಕ್ ಕೂತರೆ ಬ್ಲ್ಯಾಕ್ ಲೇಸ್. ಅದು ಪೂರ್ತಿ ಕಪ್ಪಲ್ಲ, ಕಪ್ಪಿನ ಒಳಗೂ ಪಟ್ಟೆ ಕಾಣುತ್ತೆ. ಡಾರ್ಕ್ ಜೊತೆ ಗೋಲ್ಡ್ ಕೂತರೆ ಹೈಬ್ರಿಡ್ ಬ್ಲ್ಯಾಕ್, ಪೂರ್ತಿ ಕಪ್ಪು. ಎರಡೂ ಡಾರ್ಕ್ ಆದರೆ ಡಬಲ್ ಡಾರ್ಕ್, ಅದೂ ಪೂರ್ತಿ ಕಪ್ಪು. ಎರಡೂ ಗೋಲ್ಡ್ ಆದರೆ ಮಾತ್ರ ಹಳದಿ ಮೀನು. ಅಮೆರಿಕದ ಜೋಆನ್ ನಾರ್ಟನ್ ಅವರು ವರ್ಷಗಟ್ಟಲೆ ಜೋಡಿ ಮಾಡಿ, ಮರಿ ಎಣಿಸಿ ಬಿಡಿಸಿಟ್ಟ ಲೆಕ್ಕಗಳಲ್ಲಿ ಇವೂ ಇವೆ. ನೀವು ಈಗ ಮಾಡಿದ್ದೂ ಅದೇ ಕೆಲಸ.

ನಿಮ್ಮದು ಬ್ಲ್ಯಾಕ್ ಲೇಸ್ ಜೋಡಿ ಆಗಿದ್ದರೆ ಕಾಲು ಭಾಗ ಮರಿ ಸಿಲ್ವರ್ ಆಗಿ, ಕಣ್ಣಿನ ಪಟ್ಟೆ ಸಮೇತ ಬರುತ್ತಿದ್ದವು. ಗೋಲ್ಡ್ ಮಾರ್ಬಲ್ ಸೇರಿದ್ದರೆ ಕಪ್ಪು ಮಚ್ಚೆ ಇರ್ತಿತ್ತು. ಅದಕ್ಕೇ ಪಟ್ಟೆ, ಮಚ್ಚೆ ಕೇಳಿದ್ದು.

ನಂಬಿಕೆ ಬರದಿದ್ದರೆ ಅಡುಗೆಮನೆಗೆ ಹೋಗಿ. ಎರಡು ಡಬ್ಬಿ ತಗೊಳ್ಳಿ. ಒಂದೊಂದಕ್ಕೂ 50 ಇಡೀ ಕಪ್ಪು ಉದ್ದಿನಕಾಳು, 50 ಕಡಲೆಬೇಳೆ ಹಾಕಿ. ಕಣ್ಣು ಮುಚ್ಚಿ ಆ ಡಬ್ಬಿಯಿಂದ ಒಂದು, ಈ ಡಬ್ಬಿಯಿಂದ ಒಂದು ತೆಗೆದು ಜೋಡಿ ಇಡುತ್ತಾ ಹೋಗಿ. ಜೋಡಿಯಲ್ಲಿ ಒಂದು ಉದ್ದು ಇದ್ದರೂ ಕಪ್ಪು ಮರಿ. ಎರಡೂ ಕಡಲೆ ಆದರೆ ಹಳದಿ ಮರಿ.

ತುಂಗಾತೀರ, ಶಿವಮೊಗ್ಗ

ಮೇಡಂ, ರಾತ್ರಿ ಊಟ ಆದ ಮೇಲೆ ಮಗಳನ್ನ ಕೂರಿಸಿಕೊಂಡು ಮಾಡಿದೆ. ಅವಳು ತೆಗೆದಳು, ನಾನು ಬರೆದೆ. 60 ಸಲಕ್ಕೆ ಜೋಡಿ ಉದ್ದು 13, ಬೆರಕೆ 33, ಜೋಡಿ ಕಡಲೆ 14. ಕಾಲು ಭಾಗದ ಹತ್ತಿರವೇ ಬಂತು. ಪಕ್ಕದಲ್ಲಿ ಕೂತು ನೋಡಿದ ಅಮ್ಮನಿಗೂ ಅರ್ಥ ಆಯ್ತು.

ಆದರೆ ಒಂದು ಅನುಮಾನ ಉಳಿದಿದೆ. ಕಾಲು ಭಾಗ ಅಂದರೆ 131ಕ್ಕೆ 33 ಹಳದಿ ಇರಬೇಕು. ನನ್ನ ಹತ್ತಿರ 47 ಇವೆ. 36 ಪರ್ಸೆಂಟ್. ಇದು ಸುಮ್ನೆ ಅದೃಷ್ಟವಾ?

ಪಟ್ಟೆಮೀನು, ಮೈಸೂರು

ಇಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದೀರಿ, ಖುಷಿ ಆಯ್ತು. ಉತ್ತರ ಹೇಳುವ ಮುಂಚೆ ನಾನೇ ಒಂದು ಕೇಳ್ತೀನಿ. 212ರಿಂದ 131ಕ್ಕೆ ಇಳಿಯಿತಲ್ಲ, ಸತ್ತ 81 ಮರಿಗಳು ಯಾವ ಬಣ್ಣದವು?

ತುಂಗಾತೀರ, ಶಿವಮೊಗ್ಗ

ಎರಡನೇ, ಮೂರನೇ ವಾರದಲ್ಲೇ ಜಾಸ್ತಿ ಸತ್ತಿದ್ದು. ದಿನಾ ಬೆಳಿಗ್ಗೆ ಪೈಪಲ್ಲಿ ಎಳೆದು ತೆಗೀತಿದ್ದೆ. ಈಗ ನೆನೆಸಿಕೊಂಡರೆ ಹೆಚ್ಚಿನವು ಕಡುಗಪ್ಪು, ಸಣ್ಣವು. ಬೇರೆ ಮರಿಗಳು ಆರ್ಟೀಮಿಯಾ (ಮರಿಗಳಿಗೆ ಹಾಕುವ ಸಣ್ಣ ಜೀವಂತ ಆಹಾರ) ತಿಂದು ಹೊಟ್ಟೆ ಕಿತ್ತಳೆ ಆಗಿರ್ತಿದ್ದವು. ಇವುಗಳ ಹೊಟ್ಟೆ ಖಾಲಿಯೇ ಇರ್ತಿತ್ತು.

ಪಟ್ಟೆಮೀನು, ಮೈಸೂರು

ಅವೇ ಡಬಲ್ ಡಾರ್ಕ್. ಎರಡು ಡಾರ್ಕ್ ಸಿಕ್ಕ ಮರಿ ನಿಧಾನ ಬೆಳೆಯುತ್ತೆ, ಬಲ ಕಡಿಮೆ, ಸಾಕೋದು ಕಷ್ಟ. ಗಟ್ಟಿ ಮರಿಗಳ ಜೊತೆ ಊಟಕ್ಕೆ ಪೈಪೋಟಿ ಮಾಡಕ್ಕಾಗಲ್ಲ.

ಈಗ ಲೆಕ್ಕ ಹಾಕಿ. 212ರಲ್ಲಿ ಸುಮಾರು 53 ಡಬಲ್ ಡಾರ್ಕ್, 106 ಹೈಬ್ರಿಡ್ ಬ್ಲ್ಯಾಕ್, 53 ಗೋಲ್ಡ್ ಇದ್ದಿರಬೇಕು. ಡಬಲ್ ಡಾರ್ಕ್ ಎಲ್ಲಾ ಹೋದರೆ ಉಳಿದದ್ದರಲ್ಲಿ ಗೋಲ್ಡ್ ಎಷ್ಟು? ಮೂರರಲ್ಲಿ ಒಂದು. 131ಕ್ಕೆ 44. ನಿಮ್ಮ 47 ಅದರ ಪಕ್ಕದಲ್ಲೇ ಇದೆ. ಮಗಳು ತೆಗೆದ ಕಾಳಲ್ಲೂ ಜೋಡಿ ಉದ್ದು 13ನ್ನ ಪಕ್ಕಕ್ಕಿಡಿ, ಉಳಿದ 47ರಲ್ಲಿ ಕಡಲೆ 14 ಆಗುತ್ತೆ.

ಅಂದರೆ ಹಳದಿ ಜಾಸ್ತಿ ಹುಟ್ಟಲಿಲ್ಲ. ಕಪ್ಪು ಜಾಸ್ತಿ ಸತ್ತವು. ತುಂಬಾ ಜನ ಆರು ವಾರಕ್ಕೆ ಎಣಿಸಿ "ಪುಸ್ತಕದ ಲೆಕ್ಕ ಸುಳ್ಳು" ಅಂತಾರೆ. ಮೊದಲ ದಿನ ಎಣಿಸಿರಲ್ಲ, ಸತ್ತವುಗಳನ್ನ ನೋಡಿರಲ್ಲ.

ತುಂಗಾತೀರ, ಶಿವಮೊಗ್ಗ

ಮುಂದೆ ಹೀಗಾಗಬಾರದು ಅಂದರೆ ಹಳದಿ ಮರಿಗಳನ್ನ ತೆಗೆದುಬಿಟ್ಟು, ಕಪ್ಪು ಕಪ್ಪು ಮಾತ್ರ ಜೋಡಿ ಮಾಡ್ತಾ ಹೋದರೆ ತಳಿ ಶುದ್ಧ ಆಗುತ್ತಾ?

ಪಟ್ಟೆಮೀನು, ಮೈಸೂರು

ಬೇಡ, ದಯವಿಟ್ಟು ಆ ದಾರಿ ಹಿಡಿಯಬೇಡಿ. ಉಳಿದ 84 ಕಪ್ಪಿನಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಗೋಲ್ಡ್ ಇದೆ. ಹಳದಿ ಮರಿ ತೆಗೆದರೂ ಜೀನ್ ಕಪ್ಪಿನ ಹಿಂದೆ ಕೂತೇ ಇರುತ್ತೆ. ಒಂದು ವೇಳೆ ಪೂರ್ತಿ ತೆಗೆದರೆ ನಿಮಗೆ ಉಳಿಯೋದು ಬರೀ ಡಬಲ್ ಡಾರ್ಕ್. ಅಂದರೆ ಬೆಳಿಗ್ಗೆ ಪೈಪಲ್ಲಿ ಎಳೆದು ತೆಗೀತಿದ್ರಲ್ಲ, ಅಂಥ ಮರಿಗಳದ್ದೇ ತಳಿ.

ಗೋಲ್ಡ್ ಇಲ್ಲಿ ಕೊಳೆ ಅಲ್ಲ. ನಿಮ್ಮ ಕಪ್ಪು ಮೀನಿಗೆ ಬಲ ಬಂದಿರೋದೇ ಅದರಿಂದ.

ಹೀಗೆ ಮಾಡಿ. ಕಪ್ಪನ್ನ ಕಪ್ಪಿಗೆ ಹಾಕಬೇಡಿ, ಗೋಲ್ಡ್‌ಗೆ ಹಾಕಿ. ಹೈಬ್ರಿಡ್ ಬ್ಲ್ಯಾಕ್ ಮತ್ತು ಗೋಲ್ಡ್ ಸೇರಿದರೆ ಅರ್ಧ ಕಪ್ಪು, ಅರ್ಧ ಹಳದಿ. ಡಬಲ್ ಡಾರ್ಕ್ ಒಂದೂ ಹುಟ್ಟಲ್ಲ. ಇನ್ನು ಡಬಲ್ ಡಾರ್ಕ್ ಒಂದನ್ನ ದೊಡ್ಡದು ಮಾಡಿ ಗೋಲ್ಡ್‌ಗೆ ಹಾಕಿದರೆ ಅಷ್ಟೂ ಮರಿ ಹೈಬ್ರಿಡ್ ಬ್ಲ್ಯಾಕ್. ಗಟ್ಟಿಯಾದ ಕಪ್ಪು ಮರಿ ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ.

84ರಲ್ಲಿ ಡಬಲ್ ಡಾರ್ಕ್ ಯಾವುದು ಅಂತ ಕಣ್ಣಲ್ಲೇ ಖಚಿತವಾಗಿ ಹೇಳಕ್ಕಾಗಲ್ಲ. ತೀರಾ ಕಡುಗಪ್ಪಾಗಿ, ಬೆಳವಣಿಗೆಯಲ್ಲಿ ಹಿಂದೆ ಉಳಿದವನ್ನ ಬೇರೆ ಟ್ಯಾಂಕಿಗೆ ಹಾಕಿ. ಸ್ವಲ್ಪ ಸ್ವಲ್ಪವೇ ದಿನಕ್ಕೆ ನಾಲ್ಕೈದು ಸಲ ಊಟ ಕೊಡಿ. ದೊಡ್ಡದಾದ ಮೇಲೆ ಗೋಲ್ಡ್ ಜೊತೆ ಜೋಡಿ ಮಾಡಿ ನೋಡಿ. ಒಂದು ಹಳದಿ ಮರಿ ಬಂದರೂ ಅದು ಹೈಬ್ರಿಡ್. 20 ಮರಿ ಬೆಳೆಸಿ 20ಕ್ಕೆ 20 ಕಪ್ಪಾದರೆ ಡಬಲ್ ಡಾರ್ಕ್ ಅಂತ ನಂಬಬಹುದು. ಹೈಬ್ರಿಡ್ ಆಗಿದ್ದರೆ ಹಾಗಾಗುವ ಸಾಧ್ಯತೆ ಸುಮಾರು ಹತ್ತು ಲಕ್ಷದಲ್ಲಿ ಒಂದು.

ಮಲಪ್ರಭಾ, ಹುಬ್ಬಳ್ಳಿ

ಮೇಡಂ, ನಡುವ ಬಂದಿದ್ದಕ್ಕ ಕ್ಷಮಿಸ್ರಿ. ನನ್ನ ಫ್ಲವರ್‌ಹಾರ್ನ್ ಮೀನು ಸಣ್ಣದಿದ್ದಾಗ ಬೂದು ಬಣ್ಣ ಇತ್ತು. ಈಗ ತೇಪೆ ತೇಪೆಯಾಗಿ ಕಪ್ಪು ಉದುರಿ ಒಳಗಿಂದ ಕಿತ್ತಳೆ ಬರಾಕತ್ತೇತಿ. ಇದು ರೋಗ ಏನ್ರಿ? ಊಟ ಚಲೋ ಮಾಡ್ತೈತಿ.

ಪಟ್ಟೆಮೀನು, ಮೈಸೂರು

ಊಟ ಮಾಡ್ತಾ ಇದ್ದು, ರೆಕ್ಕೆ ಬಿಚ್ಚಿಕೊಂಡು ಓಡಾಡ್ತಾ ಇದ್ದರೆ ರೋಗ ಅಲ್ರೀ, ಔಷಧಿ ಹಾಕಬೇಡಿ. ಸಾಕುವವರು ಇದಕ್ಕೆ ಫೇಡಿಂಗ್ ಅಂತಾರೆ. ನಿಕರಾಗುವಾದ ಕೆರೆಗಳಲ್ಲಿರುವ ಮೈಡಾಸ್ ಸಿಕ್ಲಿಡ್ ಅನ್ನೋ ಮೀನಲ್ಲೂ ಹೀಗೇ ಆಗುತ್ತೆ. ಮರಿ ಎಲ್ಲಾ ಬೂದು, ಆಮೇಲೆ ಕೆಲವಕ್ಕೆ ಮಾತ್ರ ಕಪ್ಪು ಬಣ್ಣದ ಕಣಗಳು ಸತ್ತು ಹೊನ್ನಿನ ಬಣ್ಣ ಹೊರಗೆ ಬರುತ್ತೆ. ಅದಕ್ಕೆ ಕಾರಣವಾದ ಜೀನ್ ಯಾವುದು ಅಂತ 2022ರಲ್ಲಿ ವಿಜ್ಞಾನಿಗಳು ಗುರುತಿಸಿದರು, ಹೆಸರು ಗೋಲ್ಡನ್‌ಟಚ್. ಏಂಜಲ್‌ನ ಗೋಲ್ಡ್ ಎರಡು ಕಡೆಯಿಂದಲೂ ಬರಬೇಕು. ಮೈಡಾಸ್‌ನಲ್ಲಿ ಒಂದು ಕಡೆಯಿಂದ ಬಂದರೂ ಸಾಕು. ನಿಮ್ಮ ಮೀನಿನ ಬಗ್ಗೆ ಬೇರೆ ಪೋಸ್ಟ್ ಹಾಕಿ, ಫೋಟೋ ನೋಡಿ ಮಾತಾಡೋಣ.

ತುಂಗಾತೀರ, ಶಿವಮೊಗ್ಗ (ಹನ್ನೊಂದು ತಿಂಗಳ ನಂತರ)

ಮೇಡಂ, ಈ ಚರ್ಚೆಯನ್ನ ಅರ್ಧಕ್ಕೆ ಬಿಡಬಾರದು ಅಂತ ಬರೀತಿದ್ದೀನಿ.

ಮೊದಲು ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹಳದಿ ಮರಿಗಳಲ್ಲಿ 30 ಅವರೇ ತಗೊಂಡರು.

ನೀವು ಹೇಳಿದ ಹಾಗೆ ಹಿಂದೆ ಉಳಿದ ಒಂಬತ್ತು ಕಪ್ಪು ಮರಿಗಳನ್ನ ಬೇರೆ ಇಟ್ಟೆ. ನಾಲ್ಕು ಬದುಕಿದವು. ಎರಡು ಹೆಣ್ಣುಗಳು ಗೋಲ್ಡ್ ಗಂಡುಗಳ ಜೊತೆ ಜೋಡಿ ಆದವು. ಮೊದಲನೆಯದಕ್ಕೆ 61 ಕಪ್ಪು, 58 ಹಳದಿ. ಅದು ಹೈಬ್ರಿಡ್, ಸುಮ್ನೆ ಸಣಕಲು ಮೀನು ಅಷ್ಟೇ. ಎರಡನೆಯದರ ಮರಿಗಳಿಗೆ ನಿನ್ನೆಗೆ ಆರು ವಾರ ಆಯ್ತು. ಬಿಳಿ ಟ್ರೇಗೆ ಹಾಕಿ ಮಗಳೂ ನಾನೂ ಬೇರೆ ಬೇರೆ ಎಣಿಸಿದೆವು. 94. ಎಲ್ಲವೂ ಕಪ್ಪು! ಸತ್ತಿದ್ದು ಏಳೇ ಏಳು.

ಒಂದೇ ತೊಂದರೆ, ಇದಕ್ಕೆ ಜೋಡಿ ಮಾಡಿದ ಗೋಲ್ಡ್ ಗಂಡು ಅದರ ಒಡಹುಟ್ಟಿದ್ದೇ. ಪರೀಕ್ಷೆಗೆ ಸರಿ, ತಳಿ ಮುಂದುವರಿಸಲು ಮನಸ್ಸಿಲ್ಲ. ಬೇರೆ ಕಡೆಯ ಗೋಲ್ಡ್ ಗಂಡು ಯಾರ ಹತ್ತಿರ ಇದೆ?

ಪಟ್ಟೆಮೀನು, ಮೈಸೂರು

94ಕ್ಕೆ 94! ಆ ಹೆಣ್ಣನ್ನ ಜೋಪಾನವಾಗಿ ನೋಡಿಕೊಳ್ಳಿ. ಸಾಲಾಗಿ ಮೊಟ್ಟೆ ಹಾಕಿಸಬೇಡಿ, ನಡುವೆ ಒಂದೆರಡು ತಿಂಗಳು ಬಿಡುವು ಕೊಡಿ. ಒಡಹುಟ್ಟಿದ್ದು ಬೇಡ ಅನ್ನೋ ನಿರ್ಧಾರ ಸರಿಯಾಗಿದೆ.

ಗಪ್ಪಿಮನೆ, ಭದ್ರಾವತಿ

ನನ್ನ ಹತ್ತಿರ ಗೋಲ್ಡ್ ಗಂಡು ಎರಡಿವೆ, ಚೆನ್ನೈನ ಕೊಳತ್ತೂರಿನಿಂದ ಬಂದವು. ಒಂದು ನೀವು ತಗೊಳ್ಳಿ, ಬದಲಿಗೆ ಹತ್ತು ಕಪ್ಪು ಮರಿ ಕೊಡಿ. ಭಾನುವಾರ ಬೆಳಿಗ್ಗೆ ಬನ್ನಿ. ಮುಚ್ಚಳ ಇರುವ ಬಕೆಟ್ ತನ್ನಿ, ನಮ್ಮದು ಬೋರ್ ನೀರು, ನಿಧಾನವಾಗಿ ಹೊಂದಿಸಬೇಕಾಗುತ್ತೆ.