ಎಡಬದಿಯ ರಸ್ತೆ, ಎಡಬದಿಯ ಸ್ಟಿಯರಿಂಗ್: ಸೇಂಟ್ ಥಾಮಸ್‌ನಲ್ಲಿ ಬಾಡಿಗೆ ಕಾರು

ಪ್ರಶ್ನೆ: ನಮಸ್ಕಾರ ಸರ್. ನ್ಯೂಜೆರ್ಸಿಯಲ್ಲಿರುವ ನಾವು ರಜೆಗೆಂದು ಅಮೆರಿಕದ ವರ್ಜಿನ್ ದ್ವೀಪಗಳಲ್ಲೊಂದಾದ ಸೇಂಟ್ ಥಾಮಸ್‌ಗೆ ಹೊರಟಿದ್ದೇವೆ. ಅಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆಂದು ತಿಳಿಯಿತು. ಬೆಂಗಳೂರಿನಲ್ಲಿ ಹಲವು ವರ್ಷ ಕಾರು ಓಡಿಸಿದ ನನಗೆ ಇದು ಕಷ್ಟವಾಗಲಾರದು ಎಂದುಕೊಂಡಿದ್ದೇನೆ. ಚಾಲನಾ ತರಬೇತುದಾರರಾದ ತಮ್ಮ ಅಭಿಪ್ರಾಯವೇನು?

ಉತ್ತರ: ಬೆಂಗಳೂರಿನ ಅಭ್ಯಾಸ ನಿಮಗೆ ಅರ್ಧಕ್ಕಷ್ಟೇ ಒದಗುತ್ತದೆ. ಡೆನ್ಮಾರ್ಕ್‌ನ ವಶದಲ್ಲಿದ್ದ ಆ ದ್ವೀಪಗಳನ್ನು 1917ರಲ್ಲಿ ಅಮೆರಿಕ ಕೊಂಡುಕೊಂಡ ಮೇಲೂ ಎಡಬದಿಯ ಸಂಚಾರವೇ ಉಳಿಯಿತು. ಕಾರುಗಳು ಮಾತ್ರ ಅಮೆರಿಕದ ಮುಖ್ಯ ಭೂಭಾಗದಿಂದ ಬರುವುದರಿಂದ ಸ್ಟಿಯರಿಂಗ್ ಕೂಡ ಎಡಕ್ಕೇ ಇರುತ್ತದೆ. ಬೆಂಗಳೂರಿನಲ್ಲಾಗಲಿ ನ್ಯೂಜೆರ್ಸಿಯಲ್ಲಾಗಲಿ ಚಾಲಕ ಕೂರುವುದು ರಸ್ತೆಯ ನಡುಗೆರೆಯ ಕಡೆಗೆ; ಸೇಂಟ್ ಥಾಮಸ್‌ನಲ್ಲಿ ಕೂರುವುದು ರಸ್ತೆಯ ಅಂಚಿನ ಕಡೆಗೆ. ರೂಢಿಯಂತೆ ನೀವು ನಡುಗೆರೆಯ ಪಕ್ಕಕ್ಕೆ ಸರಿದು ಕುಳಿತಿರೆಂದರೆ ಕಾರಿನ ಬಲಭಾಗ ಪೂರ್ತಿಯಾಗಿ ಎದುರು ಬರುವವರ ದಾರಿಯಲ್ಲಿರುತ್ತದೆ. ಆದ್ದರಿಂದ ಪ್ರತಿ ತಿರುವು ಮುಗಿದೊಡನೆ ನಿಮ್ಮ ಎಡ ಭುಜ ರಸ್ತೆಯಂಚಿಗೆ ಹತ್ತಿರವಿದೆಯೇ ಎಂದು ನೋಡಿಕೊಳ್ಳಿ. ಎಡ ತಿರುವು ಚಿಕ್ಕದು, ಬಲ ತಿರುವು ದೊಡ್ಡದು. ಇಷ್ಟರ ಮಟ್ಟಿಗೆ ಬೆಂಗಳೂರು ನೆರವಾಗುತ್ತದೆ.

ಮುಂದಿನ ವಾಹನವನ್ನು ಹಿಂದಿಕ್ಕುವ ಆಸೆಯನ್ನಂತೂ ಬಿಟ್ಟುಬಿಡಿ. ಎದುರಿನ ದಾರಿ ಕಾಣುವುದು ನಿಮಗಲ್ಲ, ಬಲಗಡೆ ಕುಳಿತ ಮನೆಯವರಿಗೆ. ಅವರು "ಹೋಗಿ" ಎಂದರೂ ಹೋಗುವಂತಿಲ್ಲ. ಸಫಾರಿ ಎಂದು ಕರೆಯುವ, ಹಿಂಬದಿಗೆ ಬೆಂಚು ಜೋಡಿಸಿದ ತೆರೆದ ಟ್ಯಾಕ್ಸಿಗಳು ಜನರನ್ನು ಹತ್ತಿಸಿಕೊಳ್ಳಲು ರಸ್ತೆಯಲ್ಲೇ ನಿಲ್ಲುವುದುಂಟು. ಹಿಂದೆ ತಾಳ್ಮೆಯಿಂದ ನಿಲ್ಲುವುದೇ ಲೇಸು. ದ್ವೀಪದ ಮುಖ್ಯ ಪಟ್ಟಣವಾದ ಶಾರ್ಲಟ್ ಅಮಾಲಿಯಿಂದ ಗುಡ್ಡ ಹತ್ತಿ ಮೇಗನ್ಸ್ ಬೇ ಕಡಲತೀರಕ್ಕೆ ಇಳಿಯುವಾಗ ಬ್ರೇಕನ್ನೇ ಒತ್ತಿಕೊಂಡಿದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆಟೊಮ್ಯಾಟಿಕ್ ಕಾರಾದರೂ ಗೇರನ್ನು ಕೆಳಗಿನ ಹಂತಕ್ಕೆ ತಂದು ಇಳಿಯಿರಿ. ಎದುರು ಕಾಣದ ತಿರುವಿನಲ್ಲಿ ಹಾರ್ನ್ ಮಾಡಲು ಸಂಕೋಚ ಬೇಡ. (ಈ ವಿಷಯದಲ್ಲಿ ನಮ್ಮವರಿಗೆ ತರಬೇತಿಯ ಅಗತ್ಯವಿಲ್ಲ.)

ಮರುಪ್ರಶ್ನೆ: ಅದೇ ಕಾರಿನಲ್ಲಿ ಪಕ್ಕದ ದ್ವೀಪವಾದ ಸೇಂಟ್ ಜಾನ್‌ಗೂ ಹೋಗಬಹುದೇ? ನಮ್ಮ ಇಲ್ಲಿನ ವಿಮೆ ಅಲ್ಲಿ ನಡೆಯುತ್ತದೆಯೇ?

ಉತ್ತರ: ಸೇಂಟ್ ಥಾಮಸ್‌ನ ರೆಡ್ ಹುಕ್‌ನಿಂದ ಸೇಂಟ್ ಜಾನ್‌ನ ಕ್ರೂಜ್ ಬೇಗೆ ಕಾರು ಸಾಗಿಸುವ ಬಾರ್ಜ್ (ಚಪ್ಪಟೆ ತಳದ ಹಡಗು) ಇದೆ. ಆದರೆ ಕಾರನ್ನು ಬೇರೆ ದ್ವೀಪಕ್ಕೆ ಒಯ್ಯಲು ಕೆಲವು ಬಾಡಿಗೆ ಕಂಪನಿಗಳು ಒಪ್ಪುವುದಿಲ್ಲವಾದ್ದರಿಂದ ಅನುಮತಿಯನ್ನು ಕರಾರುಪತ್ರದಲ್ಲೇ ಬರೆಸಿಕೊಳ್ಳಿ. ಬಾರ್ಜ್ ಹತ್ತುವಾಗ ಬಹುತೇಕ ಹಿಮ್ಮುಖವಾಗಿಯೇ ಕಾರನ್ನು ಒಳಗೆ ತರಬೇಕಾಗುತ್ತದೆ. ಸಿಬ್ಬಂದಿಯ ಕೈಸನ್ನೆಯನ್ನು ನೋಡುತ್ತ ನಿಧಾನವಾಗಿ ಬನ್ನಿ. ಅಮೆರಿಕದ ಸಾಮಾನ್ಯ ಕಾರು ವಿಮೆಯ ವ್ಯಾಪ್ತಿಯಲ್ಲಿ ಆ ದೇಶದ ಅಧೀನ ಪ್ರದೇಶಗಳೂ ಸೇರಿರುತ್ತವೆ. ಆದರೂ ನಿಮ್ಮ ಪಾಲಿಸಿಯಲ್ಲಿ ಆ ಸಾಲು ಇದೆಯೇ ಎಂದು ಹೊರಡುವ ಮುನ್ನವೇ ಓದಿಕೊಳ್ಳಿ. ಡಾಂಬರಿಲ್ಲದ ದಾರಿಯಲ್ಲಿ ಆದ ಹಾನಿಯನ್ನು ಬಾಡಿಗೆ ಕರಾರು ಹೊರಗಿಟ್ಟಿದೆಯೇ ಎಂಬುದನ್ನೂ ನೋಡಿ.