ಸಹಾಯ ಬೇಕು: ಮನೆತನದ ಕ್ಯಾನ್ಸರ್ ವಿವರ ಬರೆದುಕೊಳ್ಳಲು ಕನ್ನಡ, ತುಳು ಬಲ್ಲ ಮಹಿಳೆಯರು

ಡೊಂಬಿವಲಿ, ಮುಲುಂಡ್ ಕಡೆಯ ಕನ್ನಡಿಗರಿಗೆ ನಮಸ್ಕಾರ. ಸ್ತನ ತಪಾಸಣಾ ಶಿಬಿರಕ್ಕೆ ಬರುವ ಹೆಂಗಸರ ಜೊತೆ ಕೂತು ಕುಟುಂಬದ ವಿವರ ಬರೆದುಕೊಳ್ಳಲು ಐದಾರು ಜನ ಬೇಕು. ವೈದ್ಯಕೀಯ ಓದು ಬೇಡ, ತಾಳ್ಮೆ ಬೇಕು.

"ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತಾ?" ಎಂದು ಕೇಳಬೇಡಿ. ಮನೆ ಅಂದರೆ ಗಂಡನ ಮನೆ ಎಂದುಕೊಂಡು "ಇಲ್ಲ" ಅಂದುಬಿಡುತ್ತಾರೆ. ಎಡವಟ್ಟಾಗುವುದು ನಂಟಿನ ಹೆಸರುಗಳಲ್ಲೇ. "ಅತ್ತೆ" ಅಂದರೆ ಗಂಡನ ತಾಯಿಯೋ, ಅಪ್ಪನ ತಂಗಿಯೋ? ಅಪ್ಪನ ತಂಗಿ ರಕ್ತಸಂಬಂಧಿ, ಲೆಕ್ಕಕ್ಕುಂಟು. (ಸೋದರತ್ತೆ ಮಗನನ್ನೇ ಮದುವೆಯಾಗಿದ್ದರೆ ಇಬ್ಬರೂ ಒಬ್ಬರೇ!) "ದೊಡ್ಡಮ್ಮ" ಅಂದರೂ ಅದೇ ಗೊಂದಲ. ತಂದೆಯ ಕಡೆಯನ್ನು ಬಿಡಲೇಬಾರದು. ಸ್ತನ, ಅಂಡಾಶಯದ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್ ದೋಷ ಅಪ್ಪನಿಂದಲೂ ಬರುತ್ತದೆ, ಪ್ರತಿ ಮಗುವಿಗೂ ಶೇ. 50 ಸಾಧ್ಯತೆ.

ಕಾಯಿಲೆ ಗೊತ್ತಾದಾಗಿನ ವಯಸ್ಸು, ಒಂದೇ ಸ್ತನವೋ ಎರಡೂ ಸ್ತನಗಳೋ, ಅಂಡಾಶಯದ ಕ್ಯಾನ್ಸರ್ ಇತ್ತೇ, ಗಂಡಸರಿಗೆ ಸ್ತನ ಕ್ಯಾನ್ಸರ್ ಬಂದಿತ್ತೇ ಎಂದು ಬರೆಯಿರಿ. "ಗರ್ಭಕೋಶದ ಗಡ್ಡೆ" ಎಂದರೆ ಹಳೆಯ ರಿಪೋರ್ಟ್ ಕೇಳಿ, ಅದು ಅಂಡಾಶಯದ್ದೂ ಇರಬಹುದು. ಜೀನ್ ಪರೀಕ್ಷೆಯನ್ನು ಸಾಧ್ಯವಾದರೆ ಕಾಯಿಲೆ ಬಂದವರಿಗೇ ಮೊದಲು ಮಾಡಿಸುವುದು ಸರಿ.

ಕುಟುಂಬದಲ್ಲಿ ಯಾರಿಗೂ ಇಲ್ಲವೆಂದು ಯಾರನ್ನೂ ವಾಪಸ್ ಕಳಿಸಬೇಡಿ; ಸ್ತನ ಕ್ಯಾನ್ಸರ್ ಬಂದ ಹೆಚ್ಚಿನವರಿಗೆ ಅಂಥ ಹಿನ್ನೆಲೆಯೇ ಇರುವುದಿಲ್ಲ. ನೋವಿಲ್ಲದ ಗಂಟು, ಒಳಸೇರಿದ ತೊಟ್ಟು, ತೊಟ್ಟಿನಿಂದ ರಕ್ತಸ್ರಾವ, ಕಿತ್ತಳೆ ಸಿಪ್ಪೆಯಂಥ ಚರ್ಮ ಇದ್ದರೆ ನೇರ ಡಾಕ್ಟರ ಹತ್ತಿರ.

ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಶುರುಮಾಡಿದ ದೀರ್ಘ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ತರಬೇತಾದವರು ಕೈಯಿಂದ ಮಾಡಿದ ತಪಾಸಣೆಯೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವನ್ನು ಸುಮಾರು ಶೇ. 30 ತಗ್ಗಿಸಿತ್ತು.

ಭಾನುವಾರ ಬೆಳಿಗ್ಗೆ ಬರಬಲ್ಲವರು ಕೆಳಗೆ ತಿಳಿಸಿ. ತುಳು ಬಲ್ಲವರು ಇನ್ನೂ ಇಬ್ಬರಾದರೂ ಬೇಕೇ ಬೇಕು.